ಕಥೆ ಕಾರಿದ ದಿಬ್ಬ

ಯೂಕಾನ್ ನದಿಗೆ ಉತ್ತರದಿಂದ ಬಂದು ಸೇರುವ ಹೊಳೆಯೊಂದರ ತಿರುವಿನಲ್ಲಿ ಮಣ್ಣಿನ ದಿಬ್ಬವೊಂದು ನೀರಿನತ್ತ ಬಾಗಿ ನಿಂತಿದೆ. ಬೇಸಿಗೆಯಲ್ಲಿ ಅದರ ಒಳಗಿನ ಹಿಮ ಕರಗಿ, ಕಪ್ಪು ಕೆಸರು ಜಿನುಗಿ, ಕೊಳೆತ ಮೊಟ್ಟೆಯಂಥ ವಾಸನೆ ಹೊಳೆಯುದ್ದಕ್ಕೂ ಹಬ್ಬುತ್ತದೆ. ದೋಣಿಯಲ್ಲಿ ಹೋಗುವವರು ಮೂಗು ಮುಚ್ಚಿಕೊಳ್ಳುತ್ತಾರೆ. ಅಲ್ಲಿನ ಗ್ವಿಚಿನ್ ಜನ ಇದನ್ನು ‘ಕಥೆ ಕಾರಿದ ದಿಬ್ಬ’ ಎನ್ನುತ್ತಾರೆ.

ಬಂದೂಕು, ಚಹಾಪುಡಿಗಳು ಆ ಸೀಮೆಗೆ ಬರುವುದಕ್ಕೂ ಬಹಳ ಹಿಂದೆ, ಈ ದಿಬ್ಬದ ಮೇಲೆ ಬೀಡುಬಿಟ್ಟಿದ್ದ ಬೇಟೆಗಾರರ ನಡುವೆ ನೇಗೂ ಎಂಬ ಮುದುಕಿಯಿದ್ದಳಂತೆ. ಎಲ್ಲರೂ ಆಕೆಯನ್ನು ‘ಶಿತ್ಸೂ’, ಎಂದರೆ ಅಜ್ಜಿ, ಎಂದು ಕರೆಯುತ್ತಿದ್ದರು. ಹಿರಿಯರಿಂದ ಕೇಳಿದ್ದನ್ನು ಒಂದು ಹೆಸರೂ ಬಿಡದೆ ಹೇಳುವುದು ಆಕೆಯ ಕೆಲಸ. ಹಿಂದಿನ ಬರಗಾಲದಲ್ಲಿ ಒಬ್ಬನು ಒಣಮಾಂಸವನ್ನು ಬಚ್ಚಿಟ್ಟುಕೊಂಡು, ಸ್ವಂತ ತಮ್ಮನ ಇಬ್ಬರು ಮಕ್ಕಳು ಹಸಿದು ಸಾಯುವುದನ್ನು ನೋಡುತ್ತ ಕುಳಿತಿದ್ದ ಕಥೆಯನ್ನು ಆಕೆ ಪ್ರತಿ ಚಳಿಗಾಲದಲ್ಲೂ ಹೇಳುತ್ತಿದ್ದಳು. ಆ ಮನುಷ್ಯನ ಮಗ ದಿಂಜಿಕ್ ಈಗ ಬೀಡಿನ ಮುಖಂಡನಾಗಲು ಹೊರಟಿದ್ದ.

ಆ ವರ್ಷ ಕಾಡುಜಿಂಕೆಗಳ ಹಿಂಡು ಬರಲಿಲ್ಲ. ಜನ ಹಳೆಯ ಚರ್ಮ ಬೇಯಿಸಿ ಜಗಿಯುತ್ತಿದ್ದರು. ನೇಗೂವಿನ ಮಗಳು ಹೆತ್ತು ಎಂಟು ದಿನವಾಗಿತ್ತು, ಎದೆಹಾಲು ಬತ್ತಿತ್ತು. ಆಗ ದಿಂಜಿಕ್ ಬಟ್ಟಲು ತುಂಬ ಕರಡಿಕೊಬ್ಬು ತಂದು ಆಕೆಯ ಮುಂದಿಟ್ಟ.

“ನಮ್ಮಪ್ಪನ ಹೆಸರು ಬಿಟ್ಟುಬಿಡು, ಶಿತ್ಸೂ. ಮಾಂಸ ಬಚ್ಚಿಟ್ಟದ್ದು ಕಾಗೆ ಅಂತ ಹೇಳು. ಕಾಗೆ ಏನೂ ಬೇಜಾರು ಮಾಡಿಕೊಳ್ಳುವುದಿಲ್ಲ.”

ಎಲ್ಲರೂ ಚರ್ಮ ಜಗಿಯುವಾಗ ಇವನಿಗೆ ಕೊಬ್ಬು ಎಲ್ಲಿಂದ ಬಂತು ಎಂಬುದು ನೇಗೂವಿಗೆ ಆ ಕ್ಷಣವೇ ಹೊಳೆಯಿತು. ಹಳಸಿದ ಕೊಬ್ಬಿನ ಮೇಲೆ ಹಸಿರು ಕೆನೆಗಟ್ಟಿತ್ತು, ಇಲಿಯ ಕೂದಲು ಅಂಟಿತ್ತು. ಆದರೂ ಬಟ್ಟಲು ತೆಗೆದುಕೊಂಡಳು. ಕೂದಲು ಹೆಕ್ಕಿ ಮಗಳಿಗೆ ತಿನ್ನಿಸಿದಳು. ಉಳಿದದ್ದನ್ನು ತಾನೇ ಬೆರಳಿನಿಂದ ಬಳಿದು ನೆಕ್ಕಿದಳು.

ಮರುದಿನ ಜನ ಗುಡಾರದಲ್ಲಿ ಸೇರಿದರು. “ಆಗ ಕಾಗೆ ಬಂತು,” ಎಂದಳು ನೇಗೂ. ಎದುರಿಗೆ ದಿಂಜಿಕ್ ಹಲ್ಲಿನ ಸಂದಿಯನ್ನು ನಾಲಿಗೆಯಿಂದ ಚೀಪುತ್ತ ತಲೆಯಾಡಿಸುತ್ತಿದ್ದ; ಅವನ ಗಲ್ಲ ಜಿಡ್ಡಿನಿಂದ ಮಿರುಗುತ್ತಿತ್ತು. “ಕಾಗೆ ಮಾಂಸವನ್ನು...” ಎನ್ನುವಷ್ಟರಲ್ಲಿ ಆ ಕಮಟು ಆಕೆಯ ಗಂಟಲಿಗೇರಿತು. ಎದ್ದು ಹೊರಗೋಡಿ ಹಿಮದ ಮೇಲೆ ಕಾರಿಕೊಂಡಳು. ಹಿಂದೆಯೇ ಬಂದವರ ಮುಂದೆ ಬಾಯಿ ಒರೆಸಿಕೊಂಡು, “ಕಾಗೆಯಲ್ಲ, ಇವನಪ್ಪ,” ಎಂದಳು. “ಇವನೂ ಹಾಗೆಯೇ.”

ಹಸಿದ ನಾಯಿಗಳು ಆ ವಾಂತಿಯನ್ನು ನೆಕ್ಕಿದವು. ನೆಕ್ಕಿ, ಅದೇ ವಾಸನೆಯ ಜಾಡು ಹಿಡಿದು ದಿಬ್ಬದ ಬುಡಕ್ಕೆ ಓಡಿ ಕೆರೆಯತೊಡಗಿದವು. ಕಲ್ಲು ಸರಿಸಿದರೆ, ಹಿಂದಿನ ಬರಗಾಲದಲ್ಲಿ ಮಾಂಸ ಬಚ್ಚಿಡಲು ಅಪ್ಪ ತೋಡಿದ್ದ ಹಳೆಯ ಗುಂಡಿ. ಅದರ ತುಂಬ ಮಗನ ಕೊಬ್ಬು, ಮಾಂಸ. ಅರ್ಧಕ್ಕರ್ಧ ಬೂಷ್ಟು ಹಿಡಿದು, ಇಲಿಗಳು ಗೂಡು ಕಟ್ಟಿ ಹಾಳಾಗಿತ್ತು. ಉಳಿದದ್ದನ್ನು ಜನ ಸಮವಾಗಿ ಹಂಚಿಕೊಂಡರು. ದಿಂಜಿಕ್ ಕೂಡ ಕೈಯೊಡ್ಡಿದ. ಅವನಿಗೂ ಒಂದು ಪಾಲು ಕೊಟ್ಟರು. ಅವನು ತಲೆ ತಗ್ಗಿಸದೆ ತಿಂದ. ನೇಗೂ ಮುಖ ತಿರುಗಿಸಿದಳು. ಮೊಮ್ಮಗು ಬದುಕಿತು. ದಿಂಜಿಕ್ ಮುಖಂಡನಾಗುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಆದರೆ ನೇಗೂವಿಗೆ ತನ್ನ ಮೇಲಿನ ಹೇಸಿಗೆ ಕೊನೆಯವರೆಗೂ ಹೋಗಲಿಲ್ಲ ಎನ್ನುತ್ತಾರೆ. ಮುಂದಿನ ಚಳಿಗಾಲದಿಂದ ಆ ಕಥೆಯನ್ನು ಆಕೆ ಹೇಳಿದಾಗಲೆಲ್ಲ, ಅಪ್ಪ–ಮಗನ ಹೆಸರಿನ ನಂತರ, “ನೇಗೂ ಎಂಬ ಮುದುಕಿ ಒಂದು ಬಟ್ಟಲು ಕೊಬ್ಬಿಗಾಗಿ ಕಾಗೆಯ ಹೆಸರು ಹೇಳಿದಳು,” ಎಂದು ಸೇರಿಸುತ್ತಿದ್ದಳು.

ದಿಬ್ಬದ ಬುಡದಲ್ಲಿ ಆ ಗುಂಡಿ ಇಂದಿಗೂ ಬಾಯಿ ತೆರೆದಿದೆ. ಪ್ರತಿ ವಸಂತದಲ್ಲೂ ಹೊಳೆ ಅದರೊಳಗೆ ಕೆಸರು ತುಂಬುತ್ತದೆ. ಆ ಸೀಮೆಯ ಕಥೆಗಾರರು ಸಲಿಕೆ ಹಿಡಿದು ಬಂದು, ವಾಸನೆಗೆ ಓಕರಿಸುತ್ತಲೇ, ಅದನ್ನು ಮತ್ತೆ ತೋಡಿ ಬರಿದು ಮಾಡುತ್ತಾರೆ.