ನಡುಗದ ಮುಳ್ಳು

“ನಡುಗುವಾಗ ಬೈಸಿಕೊಂಡಿತು, ನಿಂತ ಮೇಲೆ ಹೊಗಳಿಸಿಕೊಂಡಿತು. ನಡುಗುವಾಗ ನಿಜ ಹೇಳಿತು, ನಿಂತ ಮೇಲೆ ಸುಳ್ಳು. ಏನದು?”

ಗುರುಗಳು ಹೀಗೆ ಒಗಟು ಒಡ್ಡಿದ್ದಕ್ಕೆ ಕಾರಣ ಶಿಷ್ಯನೇ. ಆ ಬೆಳಿಗ್ಗೆ ಅವನ ಅಕ್ಕ ಬಂದು ಮಠದ ಬಾಗಿಲು ತಟ್ಟಿದ್ದಳು. ಗಂಡ ಹೊಡೆಯುತ್ತಾನೆ, ಈ ಸಲ ಜೀವ ಉಳಿಸುವುದಿಲ್ಲ, ಆ ಮನೆಗೆ ಹೋಗಲಾರೆ ಎಂದು ಅತ್ತಿದ್ದಳು. ಶಿಷ್ಯ ಮಿಸುಕಲಿಲ್ಲ. ಎಲ್ಲ ಮಾಯೆ ಎಂದು ಉಪದೇಶ ಮಾಡಿ, ಗಂಡನ ಊರಿಗೆ ಹೋಗುವ ಹತ್ತರ ಬಸ್ಸಿಗೆ ಹತ್ತಿಸಿ ಬಂದ. ಬಂದವನೇ ಗುರುಗಳ ಮುಂದೆ ಕೂತು, ಬಹುಮಾನಕ್ಕೆ ಕೈಯೊಡ್ಡಿದವನಂತೆ ಕೇಳಿದ್ದ: ಅಕ್ಕ ಅಷ್ಟು ಅತ್ತರೂ ನನ್ನ ಮನಸ್ಸು ಒಂದಿಷ್ಟೂ ಅಲುಗಲಿಲ್ಲ, ನಾನು ಗೆದ್ದೆ ತಾನೇ?

ಒಗಟಿಗೆ ಅವನು ದೀಪ ಎಂದ, ಮುದುಕನ ತಲೆ ಎಂದ. ಎರಡೂ ಅಲ್ಲ ಎಂದು ಗುರುಗಳು ಕತೆ ಶುರುಮಾಡಿದರು.

ಒಬ್ಬ ಮಾಲೀಕನ ಕಾರ್ಖಾನೆಯಲ್ಲಿ ಗಾಳಿ ತುಂಬುವ ದೊಡ್ಡ ಟ್ಯಾಂಕು. ಅದರ ಮೇಲೆ ಒತ್ತಡ ತೋರಿಸುವ ಗೇಜು. ಗಡಿಯಾರದಂಥ ಮುಖ, ಒಂದೇ ಮುಳ್ಳು. ಕಂಪ್ರೆಸರ್ ಓಡಿದಷ್ಟು ಹೊತ್ತೂ ಆ ಮುಳ್ಳಿಗೆ ಚಳಿಜ್ವರ. ಗಿರಾಕಿಗಳು ಬಂದರೆ ಮಾಲೀಕನಿಗೆ ಮುಜುಗರ. ಒಂದು ದಿನ ಮುಳ್ಳು ಏಳರ ಮೇಲಿದ್ದಾಗ, ಗೇಜಿನ ಕೆಳಗಿದ್ದ ಪುಟ್ಟ ನಲ್ಲಿಯನ್ನು ತಿರುಗಿಸಿ ಮುಚ್ಚಿಬಿಟ್ಟ. ಒಳಗೆ ಸಿಕ್ಕಿಕೊಂಡ ಚೂರು ಗಾಳಿಗೆ ಮುಳ್ಳು ಏಳರಲ್ಲೇ ಕೂತಿತು. ಹೆಚ್ಚಾದ ಗಾಳಿಯನ್ನು ಹೊರಬಿಡುವ ಸೇಫ್ಟಿ ವಾಲ್ವು ಆಗಾಗ ಉಸ್ ಎನ್ನುತ್ತಿತ್ತು. ಅದರ ಬಾಯನ್ನೂ ಬಿಗಿದ. ಈಗ ನೋಡಲು ಲಕ್ಷಣವಾಯಿತು ಎಂದುಕೊಂಡು, ಟ್ಯಾಂಕಿಗೆ ಬೆನ್ನು ಕೊಟ್ಟು ಟೀ ಕುಡಿಯತೊಡಗಿದ.

ಅಲ್ಲೊಬ್ಬ ಹಳೆಯ ಕೆಲಸಗಾರ. ದಿನಾ ಗೇಜಿನ ಗಾಜನ್ನು ಉಗುರಿನಿಂದ ತಟ್ಟಿ ಮುಳ್ಳನ್ನು ಮಾತಾಡಿಸುವುದು ಅವನ ರೂಢಿ. ಅಂದೂ ತಟ್ಟಿದ. ಮುಳ್ಳು ಮಿಸುಕಲಿಲ್ಲ. ಟ್ಯಾಂಕಿನ ಮೇಲೆ ಕೈಯಿಟ್ಟ. ಎಂದಿಲ್ಲದ ಬಿಸಿ.

“ಯಜಮಾನ್ರೇ, ಮುಳ್ಳು ಉಸಿರಾಡ್ತಿಲ್ಲ.”

“ಮದುವೆ ಮಾಡಿಸಿದೀನಿ ಕಣಯ್ಯ, ಇನ್ನು ಕುಣಿಯಲ್ಲ,” ಎಂದು ಮಾಲೀಕ ನಕ್ಕ.

ಟ್ಯಾಂಕು ತುಂಬಿದಾಗ ಮೋಟಾರನ್ನು ತಾನಾಗಿ ನಿಲ್ಲಿಸುವ ಸಾಧನ ಅಂದು ಕೆಟ್ಟಿತ್ತು. ಗಾಳಿ ತುಂಬುತ್ತಲೇ ಇತ್ತು, ಮುಳ್ಳು ಏಳರಲ್ಲೇ ಇತ್ತು. ಟ್ಯಾಂಕಿನ ಬೆಸುಗೆ ಕಿರ್ ಎಂದಿತು. ಕೆಲಸಗಾರ ಎದ್ದು ಬಿದ್ದು ಸ್ವಿಚ್ಚಿನ ಕಡೆ ಓಡಿದ. ತಲುಪಿದ, ಆರಿಸಿದ, ಗಾಳಿಯನ್ನು ಹೊರಬಿಟ್ಟ. ಕಾಲು ಗಂಟೆ ಅದು ಅಬ್ಬರಿಸಿತು. ಮಾಲೀಕನ ಕೈಯ ಲೋಟ ಎಲ್ಲೋ ಬಿದ್ದಿತ್ತು. ಮರುದಿನ ಅವನೇ ಹೋಗಿ ಆ ನಲ್ಲಿ ತೆರೆದ. ಮುಳ್ಳು ನಡುಗಿತು. ಅದನ್ನು ನೋಡುತ್ತ ಮಗುವಿನ ಹಾಗೆ ಅತ್ತ.

ಶಿಷ್ಯ ಏಕೋ ಬಾಗಿಲ ಕಡೆ ನೋಡಿದ.

“ಸದ್ಯ, ಆ ಮನುಷ್ಯ ಹೊತ್ತಿಗೆ ಸರಿಯಾಗಿ ತಲುಪಿದನಲ್ಲ ಗುರುಗಳೇ,” ಎಂದ.

“ಓಡಿದ್ದು ನಿಜ ಮಗು, ತಲುಪಿದ್ದು ನಾನು ಕಟ್ಟಿದ ಕತೆ.”