ಇಂದ್ರನೀಲೆಯ ಕೊನೇ ಸಂಚಿಕೆ

ಊರಿಗೆ ಟೀವಿ ಇನ್ನೂ ಬರದ ಕಾಲ. ಬಸ್‌ಸ್ಟ್ಯಾಂಡಿನ ಹಿಂದೆ ಶಂಕ್ರವ್ವ ಕಾಮಿಕ್ಸು ಬಾಡಿಗೆಗೆ ಕೊಡುತ್ತಿದ್ದಳು. ಆಕೆಗೆ ಒಬ್ಬನೇ ಮಗ, ಗೂಳಪ್ಪ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ.

ಊರಿಗೆಲ್ಲ ಆಗ ಇಂದ್ರನೀಲೆ ಕಾಮಿಕ್ಸಿನ ಹುಚ್ಚು. ಬೇರೆ ಗ್ರಹದ ರಾಜಕುಮಾರಿ ಆಕೆ! ಬೆರಳು ಆಡಿಸಿದರೆ ಸಾಕು, ಇಲ್ಲದ ಗೋಡೆ ಎದ್ದಂತೆ, ಇಲ್ಲದ ಹೊಳೆ ಹರಿದಂತೆ ಕಾಣುತ್ತಿತ್ತು, ವೈರಿಗಳು ಹೆದರಿ ಓಡುತ್ತಿದ್ದರು. ಕಳೆದುಕೊಂಡ ಸಿಂಹಾಸನ ಸಿಗುತ್ತದೋ ಇಲ್ಲವೋ? ಕೊನೇ ಸಂಚಿಕೆ ಬಂತು. ಬಂದದ್ದು ಒಂದೇ ಪ್ರತಿ.

"ಗೂಳ್ಯಾ, ಮೊದಲು ಕಮಲಾಬಾಯಿ ಅಕ್ಕೋರಿಗೆ ಕೊಟ್ಟು ಬಾ. ನಮ್ಮೂರ ಸಾಲಿಯಾಗ ಕಲಿಸೂದು ಬಿಟ್ಟು ಶನಿವಾರ ಬ್ಯಾರೆ ಊರಿಗೆ ವರ್ಗ ಆಗಿ ಹೊಂಟಾರ. ದಾರ್ಯಾಗ ಕಂಡದ್ದಕ್ಕೆಲ್ಲ ನಿಲ್ಲಬ್ಯಾಡ!"

ನಿಲ್ಲಲಿಲ್ಲ. ಎದುರಿಗೆ ಸಾಲಿಯ ಗೋಡೆ. "ಇಂದ್ರನೀಲೆ ಮಾಯೆ!" ಅಂದವನೇ ನುಗ್ಗಿದ. ಧಡ್! ಹಣೆ ಬಾತುಕೊಂಡು ಮನೆಗೆ ಬಂದ.

"ಅಯ್ಯೋ ಮಂಕೇ! ಅಡ್ಡ ಏನರ ಬಂದ್ರ ಸರಿಯೂತನಕ ನಿಲ್ಲಬೇಕು!"

"ಆತವ್ವಾ."

ಮರುದಿನ ಅಡ್ಡ ಬಂದದ್ದು ಆಲದ ಮರ. ನಿಂತ. ಬಿಸಿಲೇರಿತು, ನಿಂತ. ಬಿಸಿಲಿಳಿಯಿತು, ನಿಂತ. ಮರ ಸರಿಯಲಿಲ್ಲ. ಶಂಕ್ರವ್ವನೇ ಬಂದು ಕಿವಿ ಹಿಂಡಿದಳು.

"ಸರಿಯದಿದ್ರ ಸುತ್ತು ಹಾಕಬೇಕೋ!"

"ಆತವ್ವಾ."

ಮೂರನೇ ದಿನ ಅಕ್ಕೋರೇ ಸಾಲಿಯ ಅಂಗಳದಲ್ಲಿ ಎದುರಾದರು. ಸರಿಯಲಿಲ್ಲ. ಗೂಳಪ್ಪ ಸುತ್ತು ಹಾಕಿದ. ಒಂದು, ಎರಡು, ಹನ್ನೊಂದು! "ನಾನೇನು ದೇವರೇನೋ?" ಅಂತ ಅವರು ತಲೆ ತಿರುಗಿ ಕಟ್ಟೆ ಹಿಡಿದು ಕೂತರು. ಇವನು ಪುಸ್ತಕದ ಸಮೇತ ಮನೆಗೆ.

ಶನಿವಾರ ಬಂತು. ಶಂಕ್ರವ್ವ ಹಣೆ ಬಡಿದುಕೊಂಡಳು. "ಮಧ್ಯಾಹ್ನ ಬಸ್ಸು! ಓಡು! ಪುಸ್ತಕ ಅವರ ಕೈಯಾಗ ಇಡು. ಓದಿ ಮುಗಿಸೂತನಕ ಕೂಡು. ಪುಸ್ತಕ ವಾಪಸ್ ತರದ ಹಂಗೇ ಮನೀಗೆ ಬಂದ್ಯೋ, ನೋಡು ಮತ್ತ!"

ಓಡಿದ, ಕೈಯಲ್ಲಿಟ್ಟ, ಕೂತ. ಅಕ್ಕೋರು ಮೊದಲನೇ ಪುಟ ಓದಿ ಮುಚ್ಚಿಬಿಟ್ಟರು. ಕಣ್ಣು ಒದ್ದೆಯಾಗಿತ್ತು.

"ಒಂಟಿ ಮನಿಯಾಗ ಇಷ್ಟು ವರ್ಷ ಇಕಿನೇ ಜತಿ ಇದ್ಲು, ಗೂಳಪ್ಪ. ಮುಗಿಸಿದ್ರ ಮುಗದ ಹೋಗ್ತಾಳ. ದಿನಕ್ಕೊಂದೇ ಪುಟ ಓದಿ, ಎಲ್ಲಾ ಮುಗದ ಮ್ಯಾಲೆ ಟಪಾಲಿನಾಗ ಕಳಸ್ತೀನಿ ಅಂತ ಅವ್ವಗ ಹೇಳು."

ಬಸ್ಸು ಹತ್ತಿದರು. ಹಿಂದಿನ ಬಾಗಿಲಿಂದ ಗೂಳಪ್ಪನೂ ಹತ್ತಿದ.

ಶಂಕ್ರವ್ವ ಊರೆಲ್ಲ ಹುಡುಕಿದಳು. ಬಾವಿಗಳಲ್ಲಿ ಇಣುಕಿದಳು, ಅತ್ತಳು. ಒಂಬತ್ತನೇ ದಿನ ಅಕ್ಕೋರ ಕಾಗದ ಬಂತು. ಬಸ್ಸು ಹಿಡಿದು ಹೋದರೆ, ಅವರ ಮನೆಯ ಜಗಲಿಯ ಮೇಲೆ ಗೂಳಪ್ಪ!

"ಏಳೋ ನನ್ನಪ್ಪಾ, ಮನೀಗೆ ನಡಿ!" ತಬ್ಬಿಕೊಂಡು ಅತ್ತಳು. ಅಕ್ಕೋರು ಪುಸ್ತಕ ತಂದು ಗೂಳಪ್ಪನತ್ತ ಚಾಚಿದರು. "ತಗೊಂಡು ಹೋಗಪ್ಪಾ, ಸಾಕು."

ಗೂಳಪ್ಪ ಎರಡೂ ಕೈ ಹಿಂದೆ ಕಟ್ಟಿಕೊಂಡ.

"ಮುಗಿಸಿಲ್ಲಲ್ರೀ ಅಕ್ಕೋರೆ! ಇನ್ನೂ ಇಪ್ಪತ್ಮೂರು ಪುಟ ಅದಾವು. ಓದ್ರಿ, ಓದ್ರಿ. ಅವ್ವಾ, ನೀನೂ ಕೂಡು!"