ಸೋಮಿ ಸಾಕಿದ ಯಂತ್ರದ ಮರಿ

ಮಕ್ಕಳೇ, ಕಾಡಂಚಿನ ಒಂದು ಕೆರೆಯ ನಡುವೆ ಹತ್ತಾರು ಜಾಲಿ ಮರಗಳಿದ್ದವು. ಚಳಿಗಾಲ ಬಂತೆಂದರೆ ಕೊಂಬೆಗೊಂದು ಚೀಲಗೊಕ್ಕಿನ ಹೆಜ್ಜಾರ್ಲೆ ಹಕ್ಕಿಯ ಗೂಡು, ದಿನವಿಡೀ ಮರಿಗಳ ಗಲಾಟೆ. ಆ ವರ್ಷ ಬಿರುಗಾಳಿ ಬೀಸಿ, ಸೋಮಿ ಎಂಬ ಹೆಜ್ಜಾರ್ಲೆಯ ಒಂದೇ ಒಂದು ಮರಿ ನೀರುಪಾಲಾಯಿತು. ಸೋಮಿ ಮೀನು ಹಿಡಿಯುವುದನ್ನೂ ಮರೆತು ಖಾಲಿ ಗೂಡಿನಲ್ಲಿ ಕೂತುಬಿಟ್ಟಳು.

ಹಕ್ಕಿಗಳು ಹೇಗೆ ಬಾಳುತ್ತವೆಂದು ತಿಳಿಯಲು ಮನುಷ್ಯರು ಒಂದು ದಿನ ದೋಣಿಯಲ್ಲಿ ಬಂದರು. ಸೋಮಿಯ ಪಕ್ಕದ ಹಳೆಯ ಗೂಡಿನಲ್ಲಿ ಯಂತ್ರದ ಮರಿಯೊಂದನ್ನು ಇಟ್ಟು ಹೋದರು. ಮೈತುಂಬ ಬಿಳಿ ತುಪ್ಪಳ, ಪಿಳಿಪಿಳಿ ಕಣ್ಣು, ಕಣ್ಣೊಳಗೆ ಕ್ಯಾಮೆರಾ. ಯಾರಾದರೂ ಹತ್ತಿರ ಬಂದರೆ ಸಾಕು, ಕೊಕ್ಕು ತೆರೆದು "ಕ್ರೀಂ" ಎನ್ನುತ್ತಿತ್ತು.

"ಅಯ್ಯೋ ಕಂದಾ, ನಿನ್ನನ್ನು ಯಾರು ಬಿಟ್ಟು ಹೋದರು?" ಎಂದು ಸೋಮಿ ಅದನ್ನು ರೆಕ್ಕೆಯೊಳಗೆ ಎಳೆದುಕೊಂಡಳು.

ಕೆಳಗಿನ ಕೊಂಬೆಯಲ್ಲಿ ತಿಪ್ಪಣ್ಣ ಎಂಬ ನೀರುಕಾಗೆ ಇತ್ತು. ಮನುಷ್ಯರು ಮರಿಯ ಬೆನ್ನು ತೆರೆದಾಗ ಒಳಗೆ ಬರೀ ತಂತಿಗಳಿದ್ದುದನ್ನು ಅದು ಕಣ್ಣಾರೆ ಕಂಡಿತ್ತು. ಹೇಳಿಬಿಡೋಣವೆಂದು ಮೇಲೆ ಹತ್ತಿತು.

"ನೋಡು ತಿಪ್ಪಣ್ಣ, ನನ್ನನ್ನು ಕಂಡರೆ ಹೇಗೆ ತಲೆಯೆತ್ತುತ್ತೆ!" ಎಂದು ಸೋಮಿ ನಕ್ಕಳು. ಎಷ್ಟೋ ದಿನಗಳ ಮೇಲಿನ ನಗು.

"ಹೌದು ಸೋಮಕ್ಕ, ಮುದ್ದಾಗಿದೆ" ಎಂದಿತು ತಿಪ್ಪಣ್ಣ.

ಸೋಮಿ ಬಾಯಿಗಿಟ್ಟ ಮೀನನ್ನು ಯಂತ್ರ ನುಂಗುತ್ತಿರಲಿಲ್ಲ. ಮೀನು ಜಾರಿ ಕೆಳಗಿನ ಕೊಂಬೆಗೆ ಬೀಳುತ್ತಿತ್ತು. ನೀರಿಗಿಳಿಯದೆಯೇ ತಿಪ್ಪಣ್ಣನ ಹೊಟ್ಟೆ ತುಂಬುತ್ತಿತ್ತು. 'ಅವಳಿಗೂ ಸುಖ, ನನಗೂ ಸುಖ. ಸುಮ್ಮನೆ ಯಾಕೆ ಅಳಿಸಲಿ?' ಎಂದುಕೊಂಡಿತು.

ಬೇಸಿಗೆ ಬಂತು. ಕೆರೆ ಇಳಿಯಿತು. ಹೆಜ್ಜಾರ್ಲೆಗಳೆಲ್ಲ ಹೊರಟವು.

"ಬಾರೇ ಸೋಮಿ!"

"ನನ್ನ ಕೂಸಿಗೆ ಇನ್ನೂ ರೆಕ್ಕೆ ಬಲಿತಿಲ್ಲ. ನೀವು ನಡೀರಿ."

ಸಿಕ್ಕಿದ್ದನ್ನೆಲ್ಲ ಮರಿಗೇ ಕೊಟ್ಟು ಅವಳು ಕಡ್ಡಿಯಂತಾಗಿದ್ದಳು. ತಿಪ್ಪಣ್ಣನಿಗೆ ಈಗ ಎದೆ ಚುರುಕ್ಕೆಂದಿತು. "ನೀನೂ ಒಂದಿಷ್ಟು ತಿನ್ನು ಸೋಮಕ್ಕ" ಎಂದಿತು. ನಿಜ ಹೇಳಲು ಮಾತ್ರ ನಾಲಗೆ ಏಳಲಿಲ್ಲ.

ಮರುವಾರ ದೋಣಿ ಮತ್ತೆ ಬಂತು. ಒಬ್ಬ ಹೆಂಗಸು ಮರಿಯನ್ನು ಮಗುಚಿ ತಂತಿ ಕಿತ್ತಳು. ಪಿಳಿಪಿಳಿ ಕಣ್ಣು ನಿಂತುಹೋಯಿತು. ಸೋಮಿ ರೆಕ್ಕೆ ಬಡಿಯುತ್ತಾ ಅವಳ ಮೇಲೆರಗಿದಳು.

ಹೆಂಗಸಿನ ಮುಖ ಬಾಡಿತು. "ಪಾಪ, ಇದನ್ನು ಮರಿಯೆಂದೇ ನಂಬಿದೆ. ನಾವು ಇಷ್ಟು ನಿಜದ ಹಾಗೆ ಮಾಡಬಾರದಿತ್ತು" ಎಂದಳು. ಯಂತ್ರವನ್ನು ಹೊತ್ತು ದೋಣಿ ಹೊರಟುಹೋಯಿತು.

ಸೋಮಿ ತಿಪ್ಪಣ್ಣನತ್ತ ತಿರುಗಿ ಕೇಳಿದಳು: "ಅದು ಮರಿಯಲ್ಲವೆಂದು ನಿನಗೆ ಗೊತ್ತಿತ್ತಾ?"

"ಮೊದಲ ದಿನದಿಂದಲೂ. ನೀನು ನಗುತ್ತಿದ್ದೆ, ಅದಕ್ಕೇ..."

"ಹೇಳಿದ್ದರೆ ಅಳುತ್ತಿದ್ದೆ ತಿಪ್ಪಣ್ಣ. ಅತ್ತು, ಎಲ್ಲರ ಜೊತೆ ಹಾರಿಹೋಗುತ್ತಿದ್ದೆ."

ತಿಪ್ಪಣ್ಣ ಕೆಸರು ನೀರಿನಲ್ಲಿ ಮುಳುಗಿ ಮೀನು ತಂದು ಅವಳ ಮುಂದಿಟ್ಟಿತು. ಅವಳು ಮುಟ್ಟಲಿಲ್ಲ. ಮರುದಿನವೂ ತಂದಿತು, ಅದರ ಮರುದಿನವೂ. ಕೊನೆಗೆ ತಿಂದಳು. ಮೈಯಲ್ಲಿ ತ್ರಾಣ ಬಂದ ಒಂದು ಬೆಳಿಗ್ಗೆ ಒಬ್ಬಳೇ ಹಾರಿದಳು. ಹೋಗಿ ಬರುತ್ತೇನೆ ಎನ್ನಲಿಲ್ಲ.

ನೀತಿ: ನೊಂದ ಮನಸ್ಸು ಸುಳ್ಳು ಜೀವವನ್ನು ನಿಜವೆಂದು ನಂಬಿದರೆ, ತಪ್ಪು ಆ ಮನಸ್ಸಿನದಲ್ಲ, ನಂಬುವಂತೆ ಮಾಡಿದವರದು, ತಿಳಿದೂ ಸುಮ್ಮನಿದ್ದವರದು.